ಈಸ್ಟ್ ನಾಯ್ಲ್‌ನ ಫಲಕ ಮತ್ತು ಕ್ರಿಸ್ಟೋಫರ್ ರೆನ್

ಇಂಗ್ಲೆಂಡಿನ ನೈಋತ್ಯ ಭಾಗದ ವಿಲ್ಟ್‌ಷೈರ್ ಪ್ರಾಂತ್ಯದಲ್ಲಿ ಶಾಫ್ಟ್ಸ್‌ಬರಿ ಪಟ್ಟಣಕ್ಕೆ ಸಮೀಪದಲ್ಲಿ ಈಸ್ಟ್ ನಾಯ್ಲ್ ಎಂಬ ಚಿಕ್ಕ ಗ್ರಾಮವಿದೆ. ಪ್ರವಾಸಿಗರನ್ನು ಸೆಳೆಯುವ ಅರಮನೆಯಾಗಲಿ ಕೋಟೆಯಾಗಲಿ ಅಲ್ಲಿಲ್ಲ. ಆದರೆ ಆ ಊರಿನಲ್ಲಿ ಒಂದು ಸ್ಮಾರಕ ಫಲಕವಿದೆ. ಇಲ್ಲಿಗೆ ಹತ್ತಿರದಲ್ಲಿಯೇ, 1632ರ ಅಕ್ಟೋಬರ್ 20ರಂದು, ಈ ಊರಿನ ಪಾದ್ರಿಯ ಮಗನಾಗಿ ಕ್ರಿಸ್ಟೋಫರ್ ರೆನ್ ಹುಟ್ಟಿದನೆಂದು ಅದು ತಿಳಿಸುತ್ತದೆ. ಲಂಡನ್ ನಗರದ ಆಕಾಶರೇಖೆಯನ್ನೇ ಬದಲಿಸಿದ ವಾಸ್ತುಶಿಲ್ಪಿಗೆ ಅವನ ಹುಟ್ಟೂರು ಸಲ್ಲಿಸಿರುವ ಗೌರವ ಇಷ್ಟೇ. ಹುಟ್ಟಿದ ಮನೆ ಇದೇ ಎಂದು ಬೊಟ್ಟುಮಾಡಿ ತೋರಿಸುವ ಧೈರ್ಯವನ್ನು ಫಲಕ ಮಾಡಿಲ್ಲ, ಸಮೀಪ ಎಂದಷ್ಟೇ ಹೇಳಿ ಸುಮ್ಮನಾಗಿದೆ. ಸ್ಮಾರಕ ಫಲಕಗಳಲ್ಲಿ ಇಂಥ ಸಂಕೋಚ ಅಪರೂಪದ ಗುಣವೆಂಬುದು ಈ ಬರಹದ ಕೊನೆಯ ಭಾಗದಲ್ಲಿ ಓದುಗರಿಗೆ ತಿಳಿಯುತ್ತದೆ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಫಲಕಗಳು ಹೊಸವಲ್ಲ. ದೊಡ್ಡವರು ಬಾಳಿದ ಮನೆಗಳ ಗೋಡೆಯ ಮೇಲೆ ಗುರುತಿನ ಬಿಲ್ಲೆ ಹಚ್ಚುವ ಯೋಜನೆ ಲಂಡನ್ನಿನಲ್ಲಿ ಆರಂಭವಾದದ್ದು 1866ರಲ್ಲಿ. ಇಂದು ಆ ನೀಲಿ ಬಿಲ್ಲೆಗಳಿಲ್ಲದ ಹಳೆಯ ಬಡಾವಣೆಯೇ ಅಲ್ಲಿಲ್ಲವೆನ್ನಬಹುದು. ಆದರೆ ರೆನ್‌ನ ಬಾಳನ್ನು ತಿಳಿಯಲು ಈಸ್ಟ್ ನಾಯ್ಲ್‌ನಲ್ಲಿ ಫಲಕಕ್ಕಿಂತ ಹೆಚ್ಚು ನೆರವಾಗುವ ವಸ್ತು ಇನ್ನೊಂದಿದೆ. ಅದು ಊರಿನ ಸೇಂಟ್ ಮೇರಿ ಚರ್ಚಿನ ಒಳಗೋಡೆಗಳ ಮೇಲಿರುವ ಗಾರೆಯ ಉಬ್ಬುಚಿತ್ರಗಳು.

ರೆನ್‌ನ ತಂದೆಯ ಹೆಸರೂ ಕ್ರಿಸ್ಟೋಫರ್ ಎಂದೇ. ಅವನು ಈಸ್ಟ್ ನಾಯ್ಲ್‌ನ ಪಾದ್ರಿ, ವಿದ್ವಾಂಸ, ಗಣಿತದಲ್ಲಿಯೂ ಕಟ್ಟಡದ ಕೆಲಸದಲ್ಲಿಯೂ ಆಸಕ್ತಿಯಿದ್ದವನು. ತಾಯಿ ಮೇರಿ ಕಾಕ್ಸ್ ಮಗ ಚಿಕ್ಕವನಿರುವಾಗಲೇ ತೀರಿಕೊಂಡಳು. 1635ರಲ್ಲಿ ತಂದೆಗೆ ವಿಂಡ್ಸರ್ ಅರಮನೆಯ ಡೀನ್ ಪದವಿ ದೊರೆಯಿತು. ಅದಕ್ಕೆ ಮೊದಲು ಅದೇ ಪದವಿಯಲ್ಲಿದ್ದವನು ಅವನ ಅಣ್ಣ ಮ್ಯಾಥ್ಯೂ ರೆನ್. ಹೀಗೆ ಮನೆತನವು ದೊರೆ ಒಂದನೇ ಚಾರ್ಲ್ಸನ ನೆರಳಿನಲ್ಲಿ ಬೆಳೆಯಿತು. ಊರಿನ ಪಾದ್ರಿ ಪದವಿಯನ್ನು ಬಿಟ್ಟುಕೊಡದ ತಂದೆ, 1639ರಲ್ಲಿ ಚರ್ಚಿನ ಪೂರ್ವಭಾಗವನ್ನು, ನಮ್ಮ ದೇಗುಲಗಳ ಗರ್ಭಗುಡಿಗೆ ಸಮನಾದ ಪವಿತ್ರ ಸ್ಥಳವನ್ನು, ಗಾರೆಯ ಚಿತ್ರಗಳಿಂದ ಅಲಂಕರಿಸಿದನು. ಯಾಕೋಬನು ಕನಸಿನಲ್ಲಿ ಕಂಡ ಸ್ವರ್ಗದ ಏಣಿ, ಕ್ರಿಸ್ತನ ಸ್ವರ್ಗಾರೋಹಣ, ಬೈಬಲ್ಲಿನ ವಚನಗಳು ಗೋಡೆ ತುಂಬ ಮೂಡಿದವು. ಕಲ್ಪನೆ ಪಾದ್ರಿಯದು. ಗಾರೆಯ ಕೆಲಸ ರಾಬರ್ಟ್ ಬ್ರಾಕ್‌ವೇ ಎಂಬ ಕುಶಲಕರ್ಮಿಯದು.

ಕಾಲ ಕೆಟ್ಟದಾಗಿತ್ತು. ದೊರೆಗೂ ಪಾರ್ಲಿಮೆಂಟಿಗೂ ನಡುವೆ ಬಿರುಕು ಬಿಟ್ಟು 1642ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಪಾರ್ಲಿಮೆಂಟಿನ ಪಕ್ಷದಲ್ಲಿದ್ದ ಪ್ಯೂರಿಟನ್ನರಿಗೆ ಚರ್ಚಿನಲ್ಲಿ ಚಿತ್ರವಿರುವುದೇ ವಿಗ್ರಹಾರಾಧನೆ. ಅದೇ ವರ್ಷ ಸೈನಿಕರು ವಿಂಡ್ಸರಿನ ಡೀನ್‌ನ ಮನೆಯನ್ನು ಸೂರೆಗೊಂಡರು. ದೊಡ್ಡಪ್ಪ ಮ್ಯಾಥ್ಯೂ ಆ ವೇಳೆಗೆ ಈಲಿಯ ಬಿಷಪ್. ಅವನನ್ನು ಲಂಡನ್ ಟವರಿನ ಸೆರೆಮನೆಗೆ ತಳ್ಳಿದರು. ಸುಮಾರು 18 ವರ್ಷ ಅವನು ಅಲ್ಲಿಯೇ ಕಳೆದನು. ಯುದ್ಧ ಮುಗಿಯುತ್ತ ಬಂದಾಗ ಈಸ್ಟ್ ನಾಯ್ಲ್‌ನ ಪಾದ್ರಿಯ ಮೇಲೂ ವಿಚಾರಣೆ ನಡೆಯಿತು. ಆರೋಪಗಳಲ್ಲೊಂದು ಆ ಗಾರೆಯ ಚಿತ್ರಗಳು. ಚಿತ್ರಗಳನ್ನು ಯೋಜಿಸಿದವನು ಪಾದ್ರಿಯೇ ಎಂದು ಸಾಕ್ಷಿ ನುಡಿದವನು ಅವುಗಳನ್ನು ಮಾಡಿದ ಬ್ರಾಕ್‌ವೇ! ಪಾದ್ರಿಯ ಪದವಿ ಹೋಯಿತು. ಚಿತ್ರಗಳು ಮಾತ್ರ ಸಾಕಷ್ಟು ಪೆಟ್ಟು ತಿಂದೂ ಉಳಿದುಕೊಂಡಿವೆ.

ಒಂದು ಚರ್ಚಿನ ಗೋಡೆಯನ್ನು ಅಂದಗೊಳಿಸಿದ್ದಕ್ಕಾಗಿ ತಂದೆ ಪದವಿ ಕಳೆದುಕೊಂಡನು, ಮಗ ಮುಂದೆ ಐವತ್ತಕ್ಕೂ ಹೆಚ್ಚು ಚರ್ಚುಗಳನ್ನು ಕಟ್ಟಿದನು. ರೆನ್‌ನ ಜೀವನಚರಿತ್ರೆ ಬರೆಯುವವರು ಅವನ ಶಾಂತ ಸ್ವಭಾವವನ್ನು, ಯಾರೊಂದಿಗೂ ನೇರ ಜಗಳಕ್ಕೆ ಇಳಿಯದೆ ಕೆಲಸ ಸಾಧಿಸಿಕೊಳ್ಳುವ ಜಾಣ್ಮೆಯನ್ನು ಹೊಗಳುತ್ತಾರೆ. ಅದು ಬರಿಯ ಹುಟ್ಟುಗುಣವಾಗಿರಲಾರದು. ಬಾಲ್ಯದಲ್ಲಿ ಮನೆ ಸೂರೆಯಾದುದನ್ನು, ತಂದೆ ದಿಕ್ಕೆಟ್ಟುದನ್ನು ಕಂಡವನು ಎಚ್ಚರದಿಂದ ಬಾಳುವುದನ್ನು ಕಲಿಯಲೇಬೇಕಾಗುತ್ತದೆ.

ಕುಟುಂಬಕ್ಕೆ ಆಸರೆಯಾದವರು ಅಕ್ಕ ಸೂಸನ್ ಮತ್ತು ಅವಳ ಗಂಡ ವಿಲಿಯಂ ಹೋಲ್ಡರ್. ಆಕ್ಸ್‌ಫರ್ಡಿಗೆ ಹತ್ತಿರದ ಬ್ಲೆಚಿಂಗ್‌ಡನ್ನಿನಲ್ಲಿ ಪಾದ್ರಿಯಾಗಿದ್ದ ಹೋಲ್ಡರನು ಗಣಿತಜ್ಞನೂ ಹೌದು. ಮೈದುನನಿಗೆ ರೇಖಾಗಣಿತದ ಮೊದಲ ಪಾಠ ಹೇಳಿದವನು ಅವನೇ. ಮುಂದೆ ಆಕ್ಸ್‌ಫರ್ಡಿನ ವಾಡಮ್ ಕಾಲೇಜು. ಅಲ್ಲಿನ ಮುಖ್ಯಸ್ಥ ಜಾನ್ ವಿಲ್ಕಿನ್ಸ್ ರಾಜಕೀಯದ ಬಿರುಗಾಳಿಯ ನಡುವೆ ಪ್ರಯೋಗ ವಿಜ್ಞಾನದ ಒಂದು ಗುಂಪನ್ನು ಸದ್ದಿಲ್ಲದೆ ಕಟ್ಟಿದ್ದನು. 1651ರಲ್ಲಿ ಬಿ.ಎ., 1653ರಲ್ಲಿ ಎಂ.ಎ. ಮುಗಿಸಿದ ರೆನ್ ಆಲ್ ಸೋಲ್ಸ್ ಕಾಲೇಜಿನ ಫೆಲೋ ಆದನು. ಮರುವರ್ಷ ಅವನನ್ನು ಕಂಡ ಜಾನ್ ಈವ್ಲಿನ್ ಆ ತರುಣನ ಪ್ರತಿಭೆಗೆ ಬೆರಗಾಗಿ ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಂಡನು.

ಈ ಹಂತದಲ್ಲಿ ಅವನು ವಾಸ್ತುಶಿಲ್ಪಿಯೇ ಅಲ್ಲ. ಅವನು ಮಾಡದ ಪ್ರಯೋಗವೇ ಇಲ್ಲವೆನ್ನಬೇಕು. ಜೇನ್ನೊಣಗಳ ಕೆಲಸ ಹೊರಗಿನಿಂದಲೇ ಕಾಣುವಂಥ ಅಂತಸ್ತಿನ ಜೇನುಗೂಡಿಗೆ ನಕ್ಷೆ ಬರೆದನು. ರಾಬರ್ಟ್ ಬಾಯ್ಲ್‌ನೊಡನೆ ಸೇರಿ ನಾಯಿಯ ರಕ್ತನಾಳಕ್ಕೆ ಅಫೀಮಿನ ದ್ರಾವಣವನ್ನು ಸೇರಿಸಿ ನೋಡಿದನು. ಔಷಧವನ್ನು ನೇರವಾಗಿ ರಕ್ತಕ್ಕೆ ಹರಿಸಿದ ಮೊದಮೊದಲ ಪ್ರಯೋಗಗಳಲ್ಲಿ ಅದೊಂದು. ಸೈಕ್ಲಾಯ್ಡ್ ಎಂಬ ವಕ್ರರೇಖೆಯ ಉದ್ದವನ್ನು 1658ರಲ್ಲಿ ಲೆಕ್ಕಹಾಕಿ ತೋರಿಸಿದನು. ಶನಿಗ್ರಹದ ವಿಚಿತ್ರ ಆಕಾರಕ್ಕೆ ಕಾರಣ ಹುಡುಕಿದನು. ಮಿದುಳಿನ ರಚನೆಯ ಬಗ್ಗೆ ಥಾಮಸ್ ವಿಲ್ಲಿಸ್ 1664ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟನು. 1657ರಲ್ಲಿ, ಇನ್ನೂ 25 ತುಂಬದಿದ್ದಾಗ, ಲಂಡನ್ನಿನ ಗ್ರೆಶಮ್ ಕಾಲೇಜಿನ ಖಗೋಳಶಾಸ್ತ್ರದ ಪ್ರಾಧ್ಯಾಪಕನಾದನು. 1660ರ ನವೆಂಬರ್ 28ರಂದು ಅಲ್ಲಿ ಅವನ ಉಪನ್ಯಾಸ ಮುಗಿದ ಬಳಿಕ ಉಳಿದ ಹನ್ನೆರಡು ಮಂದಿ ಕೂಡಿ ಮಾಡಿದ ನಿರ್ಧಾರದಿಂದ ರಾಯಲ್ ಸೊಸೈಟಿ ಹುಟ್ಟಿತು. 1680ರಿಂದ 1682ರವರೆಗೆ ರೆನ್ ಅದರ ಅಧ್ಯಕ್ಷನೂ ಆಗಿದ್ದನು.

ನ್ಯೂಟನ್ನನ ಮಹಾಗ್ರಂಥದ ಹಿಂದೆಯೂ ರೆನ್‌ನ ಒಂದು ಕಿರುಪಾತ್ರವಿದೆ. 1684ರ ಜನವರಿಯಲ್ಲಿ ರೆನ್, ರಾಬರ್ಟ್ ಹುಕ್, ಎಡ್ಮಂಡ್ ಹ್ಯಾಲಿ ಮೂವರೂ ಕುಳಿತು ಗ್ರಹಗಳ ಚಲನೆಯ ಕುರಿತು ಚರ್ಚಿಸಿದರು. ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವ ಆಕರ್ಷಣೆಯಿಂದ ಗ್ರಹಗಳ ಚಲನೆಯ ನಿಯಮಗಳು ಹೇಗೆ ಹುಟ್ಟುತ್ತವೆಂದು ಸಾಧಿಸಬೇಕು, ಅದು ಪ್ರಶ್ನೆ. ಎರಡು ತಿಂಗಳೊಳಗೆ ಸಾಧಿಸಿದವರಿಗೆ 40 ಶಿಲಿಂಗ್ ಬೆಲೆಯ ಪುಸ್ತಕವನ್ನು ಬಹುಮಾನವಾಗಿ ಕೊಡುವೆನೆಂದು ರೆನ್ ಪಣ ಒಡ್ಡಿದನು. ಯಾರೂ ಗೆಲ್ಲಲಿಲ್ಲ. ಆದರೆ ಅದೇ ವರ್ಷ ಹ್ಯಾಲಿ ಕೇಂಬ್ರಿಡ್ಜಿಗೆ ಹೋಗಿ ನ್ಯೂಟನ್ನನನ್ನು ಇದೇ ಪ್ರಶ್ನೆ ಕೇಳಿದನು. ಅಲ್ಲಿಂದ ಹರಿದ ಹೊಳೆ 1687ರಲ್ಲಿ ಪ್ರಿನ್ಸಿಪಿಯಾ ಆಗಿ ಹೊರಬಂದಿತು.

ಇಂಥವನು ಕಟ್ಟಡದ ಕಡೆ ತಿರುಗಿದ್ದು ಹೇಗೆ? ಆ ಕಾಲದಲ್ಲಿ ವಾಸ್ತುಶಿಲ್ಪ ಪ್ರತ್ಯೇಕ ವೃತ್ತಿಯಾಗಿರಲಿಲ್ಲ, ಗಣಿತ ಬಲ್ಲವನ ಕೈಗೆಟಕುವ ವಿದ್ಯೆಯೆಂದೇ ತಿಳಿಯುತ್ತಿದ್ದರು. 1660ರಲ್ಲಿ ದೊರೆತನ ಮರಳಿ ಸ್ಥಾಪನೆಯಾಗಿ ದೊಡ್ಡಪ್ಪ ಮ್ಯಾಥ್ಯೂ ಸೆರೆಯಿಂದ ಹೊರಬಂದನು. ಹರಕೆ ತೀರಿಸುವವನಂತೆ ಅವನು ಕೇಂಬ್ರಿಡ್ಜಿನ ಪೆಂಬ್ರೋಕ್ ಕಾಲೇಜಿಗೆ ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಿಕೊಟ್ಟನು. ನಕ್ಷೆಯನ್ನು ತಮ್ಮನ ಮಗನಿಂದ ಬರೆಸಿದನು. ರೆನ್‌ನ ಮೊದಲ ಕಟ್ಟಡ ಅದೇ. ಹಿಂದೆಯೇ ಆಕ್ಸ್‌ಫರ್ಡಿನ ಶೆಲ್ಡೋನಿಯನ್ ಥಿಯೇಟರ್ ಬಂದಿತು. ಸುಮಾರು 70 ಅಡಿ ಅಗಲದ ಸಭಾಂಗಣಕ್ಕೆ ನಡುವೆ ಒಂದೂ ಕಂಬವಿಲ್ಲದೆ ಚಾವಣಿ ಹೊದಿಸಬೇಕಿತ್ತು. ಅಷ್ಟುದ್ದದ ತೊಲೆ ಸಿಗುವುದಿಲ್ಲ. ಚಿಕ್ಕ ಚಿಕ್ಕ ಮರಗಳನ್ನು ಲೆಕ್ಕಾಚಾರದಿಂದ ಒಂದಕ್ಕೊಂದು ಹೆಣೆದು ರೆನ್ ಆ ಚಾವಣಿಯನ್ನು ನಿಲ್ಲಿಸಿದನು.

1665ರಲ್ಲಿ ಅವನು ಪ್ಯಾರಿಸ್ಸಿಗೆ ಹೋದನು. ಅವನ ಬಾಳಿನ ಏಕೈಕ ದೊಡ್ಡ ವಿದೇಶಪ್ರವಾಸ ಅದು. ಗುಮ್ಮಟಗಳನ್ನು ಕಣ್ಣಾರೆ ಕಂಡದ್ದು ಅಲ್ಲಿಯೇ, ಇಂಗ್ಲೆಂಡಿನಲ್ಲಿ ಆಗ ಅಂಥವು ಇರಲಿಲ್ಲ. ಇಟಲಿಯ ಬರ್ನಿನಿಯನ್ನು ಭೇಟಿಮಾಡಿ, ಆ ವೃದ್ಧನು ಲೂವ್ರ್ ಅರಮನೆಗಾಗಿ ಬರೆದಿದ್ದ ನಕ್ಷೆಯನ್ನು ಕೆಲವೇ ನಿಮಿಷ ನೋಡುವ ಭಾಗ್ಯವೂ ಅವನಿಗೆ ದೊರೆಯಿತು. ಹಿಂದಿರುಗಿದವನ ತಲೆ ತುಂಬ ಗುಮ್ಮಟವೇ. ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಶಿಥಿಲವಾಗಿತ್ತು. ಅದಕ್ಕೊಂದು ಗುಮ್ಮಟವನ್ನು ಕೂಡಿಸುವ ನಕ್ಷೆ ತಯಾರಿಸಿ, 1666ರ ಆಗಸ್ಟ್ 27ರಂದು ಈವ್ಲಿನ್ ಮತ್ತಿತರರೊಡನೆ ಕಟ್ಟಡವನ್ನು ಪರೀಕ್ಷಿಸಿದನು.

ಆರು ದಿನ ಕಳೆಯಿತು. ಸೆಪ್ಟೆಂಬರ್ 2ರ ಭಾನುವಾರ ನಸುಕಿನಲ್ಲಿ ಪುಡ್ಡಿಂಗ್ ಲೇನ್ ಎಂಬ ಓಣಿಯ ರೊಟ್ಟಿಯಂಗಡಿಯಲ್ಲಿ ಹತ್ತಿದ ಬೆಂಕಿ ನಾಲ್ಕು ದಿನ ಉರಿಯಿತು. 13,200 ಮನೆಗಳು, 87 ಚರ್ಚುಗಳು ಬೂದಿಯಾದವು. ಸೇಂಟ್ ಪಾಲ್ಸ್ ಸುತ್ತ ದುರಸ್ತಿಗೆಂದು ಕಟ್ಟಿದ್ದ ಮರದ ಸಾರವೆಗೆ ಕಿಡಿ ತಗುಲಿ, ಚಾವಣಿಯ ಸೀಸ ಕರಗಿ ಬೀದಿಯಲ್ಲಿ ಹರಿಯಿತು.

ಹೊಗೆ ಆರುವ ಮುನ್ನವೇ, ಸೆಪ್ಟೆಂಬರ್ 11ರ ಹೊತ್ತಿಗೆ, ರೆನ್ ಹೊಸ ಲಂಡನ್ನಿನ ನಕ್ಷೆಯನ್ನು ದೊರೆಯ ಮುಂದಿಟ್ಟನು. ಅಗಲವಾದ ರಾಜಬೀದಿಗಳು, ಬೀದಿಗಳು ಕೂಡುವಲ್ಲಿ ವಿಶಾಲ ಚೌಕಗಳು, ನದಿಯ ಉದ್ದಕ್ಕೂ ತೆರೆದ ದಂಡೆ. ನಕ್ಷೆ ನಕ್ಷೆಯಾಗಿಯೇ ಉಳಿಯಿತು. ಪ್ರತಿ ಮನೆಗೂ ಒಬ್ಬ ಒಡೆಯ, ಒಬ್ಬ ಬಾಡಿಗೆದಾರ, ಒಂದು ಹಕ್ಕುಪತ್ರವಿತ್ತು. ಬೊಕ್ಕಸ ಬರಿದಾಗಿದ್ದ ದೊರೆಗೆ ಆ ನೆಲವನ್ನೆಲ್ಲ ಕೊಂಡುಕೊಳ್ಳುವ ಶಕ್ತಿಯಿರಲಿಲ್ಲ. ಚಳಿಗಾಲ ಎದುರಿಗಿತ್ತು, ಜನಕ್ಕೆ ಸೂರು ಬೇಕಿತ್ತು. ಹಳೆಯ ಓಣಿಗಳ ಜಾಡಿನಲ್ಲಿಯೇ ಇಟ್ಟಿಗೆ ಮತ್ತು ಕಲ್ಲಿನ ಹೊಸ ಮನೆಗಳೆದ್ದವು. ಆ ನಕ್ಷೆ ಜಾರಿಗೆ ಬರಬೇಕಿತ್ತೆಂದು ಹಲಬುವವರು ಇಂದಿಗೂ ಇದ್ದಾರೆ. ಮನೆ ಸುಟ್ಟುಕೊಂಡವನ ಕಡೆಯಿಂದ ನೋಡಿದರೆ ಅದು ಬಾರದಿದ್ದುದೇ ಒಳ್ಳೆಯದಾಯಿತೆಂದು ತೋರುತ್ತದೆ.

1669ರಲ್ಲಿ ರೆನ್ ದೊರೆಯ ಕಟ್ಟಡಗಳ ಸರ್ವೇಯರ್ ಹುದ್ದೆಗೆ ಬಂದನು, 1673ರಲ್ಲಿ ಸರ್ ಪದವಿ ಪಡೆದನು. ಲಂಡನ್ನಿಗೆ ಹಡಗಿನಲ್ಲಿ ಬರುವ ಕಲ್ಲಿದ್ದಲಿನ ಮೇಲೆ ಹಾಕಿದ ತೆರಿಗೆಯಿಂದ ಚರ್ಚುಗಳ ಪುನರ್ನಿರ್ಮಾಣಕ್ಕೆ ಹಣ ಹೊಂದಿತು. ಅವನ ಮೇಲ್ವಿಚಾರಣೆಯಲ್ಲಿ ಎದ್ದ ಚರ್ಚುಗಳು 51. ಸುಟ್ಟ ಓಣಿಗಳ ನಡುವಿನ ಅಂಕುಡೊಂಕು ನಿವೇಶನಗಳಲ್ಲಿ ಒಂದರಂತೆ ಇನ್ನೊಂದಿಲ್ಲದ ಹಾಗೆ ಅವುಗಳನ್ನು ರಚಿಸಿದ್ದು ಅಸಾಧಾರಣ ಸಾಧನೆ. ಆದರೆ ಅದು ಒಬ್ಬನ ಸಾಧನೆಯಲ್ಲ. ರಾಬರ್ಟ್ ಹುಕ್ ಅವನ ಬಲಗೈಯಾಗಿ ಸ್ಥಳಕ್ಕೆ ಓಡಾಡಿದನು, ಲೆಕ್ಕ ಪರಿಶೀಲಿಸಿದನು, ಕೆಲವು ಚರ್ಚುಗಳ ನಕ್ಷೆಯನ್ನೂ ಬರೆದನು. ಬೆಂಕಿಯ ನೆನಪಿಗೆ ನಿಂತ 202 ಅಡಿ ಎತ್ತರದ ಮಾನ್ಯುಮೆಂಟ್ ಕಂಬವೂ ಇಬ್ಬರ ಕೆಲಸವೇ. ಬೆಂಕಿ ಹುಟ್ಟಿದ ಜಾಗಕ್ಕೂ ಕಂಬಕ್ಕೂ ಇರುವ ದೂರವೂ ಅಷ್ಟೇ 202 ಅಡಿ. ಆ ಕಂಬದ ಟೊಳ್ಳು ನಡುವನ್ನು ದೂರದರ್ಶಕದ ನಳಿಕೆಯಾಗಿ ಬಳಸಲು ಇಬ್ಬರೂ ಬಯಸಿದ್ದರು. ಕಟ್ಟಡ ಕಟ್ಟುವಾಗಲೂ ಅವರು ಖಗೋಳಶಾಸ್ತ್ರವನ್ನು ಮರೆತಿರಲಿಲ್ಲ. ಹುಕ್‌ನ ನಿಜವಾದ ಭಾವಚಿತ್ರವೆಂದು ಖಚಿತವಾಗಿ ಹೇಳಬಹುದಾದುದು ಒಂದೂ ಇಂದು ಉಳಿದಿಲ್ಲ, ಅವನ ಸಮಾಧಿ ಎಲ್ಲಿದೆಯೆಂಬ ಗುರುತೂ ಇಲ್ಲ. ಕೀರ್ತಿಯ ಹಂಚಿಕೆಯಲ್ಲಿ ನ್ಯಾಯ ನಡೆಯಲಿಲ್ಲವೆಂದೇ ಹೇಳಬೇಕು.

ಇನ್ನು ಸೇಂಟ್ ಪಾಲ್ಸ್. ಮೊದಲು ಹಳೆಯ ಕಟ್ಟಡದ ಅವಶೇಷವನ್ನು ಕೆಡವಬೇಕಿತ್ತು. ರೆನ್ ಅಳತೆಯಿಟ್ಟು ಮದ್ದು ಸಿಡಿಸಿ ಗೋಪುರದ ಭಾಗವನ್ನು ಉರುಳಿಸಿದನು. ಅವನಿಲ್ಲದಾಗ ಸಹಾಯಕನೊಬ್ಬ ಹೆಚ್ಚು ಮದ್ದು ತುಂಬಿದ್ದರಿಂದ ಕಲ್ಲು ಹಾರಿ ನೆರೆಯ ಮನೆಯೊಳಗೆ ಬಿದ್ದಿತು. ಜನ ಹೆದರಿದರು, ಮದ್ದು ನಿಷಿದ್ಧವಾಯಿತು. ಆಗ ರೆನ್ ಹಳೆಯ ಕಾಲದ ಕೋಟೆ ಮುರಿಯುವ ವಿಧಾನಕ್ಕೆ ಮೊರೆಹೋದನು. ಉದ್ದನೆಯ ಮರದ ತೊಲೆಗೆ ಕಬ್ಬಿಣದ ಮೊನೆ ಹೊಂದಿಸಿ, ಮೂವತ್ತು ಆಳುಗಳಿಂದ ಗೋಡೆಯ ಒಂದೇ ಜಾಗಕ್ಕೆ ದಿನವಿಡೀ ಗುದ್ದಿಸಿದನು. ಮೊದಲ ದಿನ ಏನೂ ಆಗಲಿಲ್ಲ. ಆಳುಗಳು ಬೇಸತ್ತರು. ಎರಡನೆಯ ದಿನ ಗೋಡೆ ಬುಡದಿಂದ ಮೇಲಕ್ಕೆ ನಡುಗಿ ಕುಸಿಯಿತು.

ಹೊಸ ಕಟ್ಟಡಕ್ಕಾಗಿ ಅವನು ಮನಸ್ಸಿಟ್ಟು ಮಾಡಿದ ನಕ್ಷೆ ನಾಲ್ಕು ಕಡೆಗೂ ಸಮನಾದ ತೋಳುಗಳಿದ್ದು ನಡುವೆ ಭಾರಿ ಗುಮ್ಮಟವಿರುವಂಥದು. ಅದರ ಮರದ ಮಾದರಿಯನ್ನು 1673ರಿಂದ 1674ರ ನಡುವೆ ತಯಾರಿಸಿದರು. ಆರು ಮೀಟರಿಗೂ ಉದ್ದವಿರುವ, ಮನುಷ್ಯ ಒಳಹೊಕ್ಕು ನಿಂತು ನೋಡಬಹುದಾದ ಆ ಮಾದರಿ ಇಂದಿಗೂ ಕ್ಯಾಥೆಡ್ರಲ್ಲಿನಲ್ಲಿ ಭದ್ರವಾಗಿದೆ. ಅದನ್ನು ನೋಡಿದ ಪಾದ್ರಿಗಳು ಒಪ್ಪಲಿಲ್ಲ. ಮೆರವಣಿಗೆ ಸಾಗಲು ಉದ್ದನೆಯ ಅಂಕಣವಿಲ್ಲ, ಕಣ್ಣಿಗೆ ರೋಮಿನ ಚರ್ಚಿನಂತೆ ಕಾಣುತ್ತದೆ ಎಂಬುದು ಅವರ ತಕರಾರು. ಆ ತಿರಸ್ಕಾರದಿಂದ ರೆನ್ ಕಣ್ಣೀರಿಟ್ಟನೆಂದು ಪ್ರತೀತಿ. ಅಲ್ಲಿಂದ ಮುಂದೆ ಮಾದರಿ ಮಾಡಿಸಿ ಜನರ ಮುಂದಿಡುವುದಿಲ್ಲವೆಂದು ಅವನು ತೀರ್ಮಾನಿಸಿದನಂತೆ.

1675ರಲ್ಲಿ ದೊರೆ ಒಪ್ಪಿಗೆಯಿತ್ತ ನಕ್ಷೆ ಬೇರೆಯೇ ಆಗಿತ್ತು. ಉದ್ದನೆಯ ಅಂಕಣ, ಮೇಲೆ ಕಿರುಗುಮ್ಮಟ, ಅದರ ಮೇಲೊಂದು ಚೂಪು ಗೋಪುರ. ನೋಡಿದವರು ಇದು ರೆನ್‌ನದೇ ಎಂದು ಸಂದೇಹಪಡುವಂತಿತ್ತು. ಆದರೆ ಒಪ್ಪಿಗೆಪತ್ರದಲ್ಲಿ ಒಂದು ಸಣ್ಣ ಅವಕಾಶವಿತ್ತು: ಅಲಂಕಾರಕ್ಕೆ ಸಂಬಂಧಿಸಿದ ಬದಲಾವಣೆಗಳನ್ನು ಅವನು ತನ್ನ ವಿವೇಚನೆಯಂತೆ ಮಾಡಿಕೊಳ್ಳಬಹುದು. ಆ ಒಂದು ಅವಕಾಶದ ಕಂಡಿಯಿಂದ ಅವನು ಇಡೀ ಕಟ್ಟಡವನ್ನೇ ಬದಲಿಸಿದನು! ಚೂಪು ಗೋಪುರ ಮಾಯವಾಯಿತು, ಗುಮ್ಮಟ ಬೆಳೆಯಿತು, ಗೋಡೆಗಳು ಎತ್ತರಕ್ಕೇರಿದವು. ಕೆಲಸ ನಡೆಯುತ್ತಿದ್ದುದು ಸಾರವೆಯ ಮರೆಯಲ್ಲಿ. ಜೊತೆಗೆ ಅವನು ಪೂರ್ವದಿಂದ ಪಶ್ಚಿಮಕ್ಕೆ ತುಂಡುತುಂಡಾಗಿ ಮುಗಿಸುವ ಬದಲು ಎಲ್ಲ ಕಡೆಯೂ ಒಟ್ಟಿಗೆ ತಳಪಾಯ ಏಳುವಂತೆ ಮಾಡಿದನು. ಹಣ ಸಾಲದೆ ಅರ್ಧಕ್ಕೆ ನಿಲ್ಲಿಸೋಣವೆಂದು ಮುಂದೆ ಯಾರೂ ಹೇಳುವಂತಿರಲಿಲ್ಲ.

ಆ ಕಾಲದ ಒಂದು ಕಥೆಯನ್ನು ಅವನ ಮಗ ದಾಖಲಿಸಿದ್ದಾನೆ. ಗುಮ್ಮಟದ ನಡುಬಿಂದುವನ್ನು ನೆಲದ ಮೇಲೆ ಗುರುತಿಸಲು ರೆನ್ ಕೂಲಿಯವನೊಬ್ಬನಿಗೆ ಅವಶೇಷದ ರಾಶಿಯಿಂದ ಯಾವುದಾದರೊಂದು ಚಪ್ಪಟೆ ಕಲ್ಲು ತರಲು ಹೇಳಿದನು. ಅವನು ತಂದದ್ದು ಮುರಿದ ಸಮಾಧಿಕಲ್ಲೊಂದರ ತುಂಡು. ಅದರಲ್ಲಿ ಉಳಿದಿದ್ದುದು ಮತ್ತೆ ಏಳುವೆನೆಂಬ ಅರ್ಥದ ಒಂದೇ ಲ್ಯಾಟಿನ್ ಪದ. ದಕ್ಷಿಣ ದ್ವಾರದ ಮೇಲ್ಗಡೆ ಬೆಂಕಿಯಿಂದ ಏಳುವ ಫೀನಿಕ್ಸ್ ಹಕ್ಕಿಯ ಶಿಲ್ಪದ ಕೆಳಗೆ ಆ ಪದವನ್ನು ಕೆತ್ತಿದೆ.

ಗುಮ್ಮಟದ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ದೂರದಿಂದ ಭವ್ಯವಾಗಿ ಕಾಣಬೇಕಾದರೆ ಗುಮ್ಮಟ ಎತ್ತರವಿರಬೇಕು. ಆದರೆ ಅಷ್ಟು ಎತ್ತರದ ಗುಮ್ಮಟವನ್ನು ಒಳಗೆ ನಿಂತವನು ನೋಡಿದರೆ ಕತ್ತಲೆಯ ಬಾವಿಯಂತೆ ಕಾಣುತ್ತದೆ. ರೆನ್ ಒಂದರ ಬದಲು ಮೂರು ಹೊದಿಕೆಗಳನ್ನು ಮಾಡಿದನು. ಒಳಗಿನದು ಇಟ್ಟಿಗೆಯ ತಗ್ಗಾದ ಗುಮ್ಮಟ. ಹೊರಗಿನದು ಮರದ ಚೌಕಟ್ಟಿನ ಮೇಲೆ ಸೀಸದ ತಗಡು ಹೊದಿಸಿದ ಎತ್ತರದ ಗುಮ್ಮಟ. ಎರಡರ ನಡುವೆ ಯಾರ ಕಣ್ಣಿಗೂ ಬೀಳದ ಇಟ್ಟಿಗೆಯ ಶಂಕು. ತುದಿಯಲ್ಲಿರುವ ಸುಮಾರು 850 ಟನ್ ತೂಕದ ಕಲ್ಲಿನ ಮಂಟಪವನ್ನು ಹೊತ್ತಿರುವುದು ಈ ಮರೆಯ ಶಂಕುವೇ. ಬುಡ ಹೊರಕ್ಕೆ ಸರಿಯದಂತೆ ಕಬ್ಬಿಣದ ಸರಪಳಿಯನ್ನು ಸುತ್ತಿ ಬಿಗಿದಿದೆ. ಎರಡು ತುದಿ ಹಿಡಿದು ಇಳಿಬಿಟ್ಟ ಸರಪಳಿಯ ಆಕಾರವನ್ನು ತಲೆಕೆಳಗು ಮಾಡಿದರೆ ಅದೇ ಭಾರ ಹೊರುವ ಕಮಾನಿನ ಆಕಾರವೆಂದು ಕಂಡುಕೊಂಡಿದ್ದವನು ಹುಕ್. ಅವನ ಆ ವಿಚಾರ ಇಲ್ಲಿ ಕೆಲಸಕ್ಕೆ ಬಂದಿದೆ.

ವಿಜಯಪುರದ ಗೋಳಗುಮ್ಮಟವನ್ನು ಕಂಡ ಕನ್ನಡಿಗರಿಗೆ ಇಲ್ಲಿ ಹೋಲಿಕೆ ತಾನಾಗಿ ಹೊಳೆಯುತ್ತದೆ. ಮುಹಮ್ಮದ್ ಆದಿಲ್‌ಷಾನ ಆ ಗೋರಿ 1656ರಲ್ಲಿ ನಿಂತಾಗ ರೆನ್ ಇನ್ನೂ ಆಕ್ಸ್‌ಫರ್ಡಿನಲ್ಲಿ ನಾಯಿಯ ರಕ್ತನಾಳದ ಪ್ರಯೋಗದಲ್ಲಿದ್ದನು. ಒಳವ್ಯಾಸದಲ್ಲಿ ನಮ್ಮದೇ ದೊಡ್ಡದು. ಅದು ಸುಮಾರು 38 ಮೀಟರ್, ಸೇಂಟ್ ಪಾಲ್ಸ್‌ನದು ಅದಕ್ಕಿಂತ ಕಡಿಮೆ. ವಿಜಯಪುರದ ಶಿಲ್ಪಿಗಳು ಒಂದೇ ದಪ್ಪ ಹೊದಿಕೆಯನ್ನು ನಂಬಿ, ಒಂದನ್ನೊಂದು ಛೇದಿಸುವ ಎಂಟು ಕಮಾನುಗಳ ಮೇಲೆ ಅದನ್ನು ಕೂರಿಸಿದರು. ಎತ್ತರದಲ್ಲಿ ಲಂಡನ್ನಿನದು ಮುಂದು, ತುದಿಯ ಶಿಲುಬೆಯವರೆಗೆ 365 ಅಡಿ. ಎರಡಕ್ಕೂ ಸಾಮಾನ್ಯವಾದುದು ಪಿಸುಮಾತಿನ ಮೊಗಸಾಲೆ. ಒಂದು ಬದಿಯ ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೇಳಿಸುತ್ತದೆ. ಶಬ್ದವು ವೃತ್ತಾಕಾರದ ಗೋಡೆಗೆ ಅಂಟಿಕೊಂಡಂತೆ ಸಾಗುತ್ತದೆಂದು ಲಾರ್ಡ್ ರೇಲಿ ವಿವರಿಸಿದ್ದನು. 1921ರಲ್ಲಿ ಲಂಡನ್ನಿಗೆ ಬಂದಿದ್ದ ಸಿ.ವಿ. ರಾಮನ್ ಅವರು ಸೇಂಟ್ ಪಾಲ್ಸ್‌ನ ಮೊಗಸಾಲೆಯಲ್ಲಿ ಆ ವಿವರಣೆಯನ್ನು ಪರೀಕ್ಷೆಗೊಡ್ಡಿದರು. ಬಳಿಕ ಪ್ರಕಟಿಸಿದ ಲೇಖನದಲ್ಲಿ ಗೋಳಗುಮ್ಮಟವನ್ನೂ ಸೇರಿಸಿಕೊಂಡು, ಗೋಡೆಯಿಂದ ದೂರ ಸರಿದಂತೆ ಶಬ್ದದ ತೀವ್ರತೆ ಒಂದೇ ಸಮನೆ ಇಳಿಯದೆ ಏರಿಳಿಯುತ್ತದೆಂದು ತೋರಿಸಿದರು. ಲಂಡನ್ನಿನ ಮೊಗಸಾಲೆಗೆ 257 ಮೆಟ್ಟಿಲು ಹತ್ತಬೇಕು. ಆ ದಣಿವಿನ ನಂತರ ಪಿಸುಗುಡುವ ಉಸಿರು ಉಳಿದರೆ ಅದೇ ಭಾಗ್ಯ.

ರೆನ್‌ನ ಮನೆಯ ಬದುಕು ಹೊರಗಿನ ಕೀರ್ತಿಯಷ್ಟು ಬೆಳಕಿನದಲ್ಲ. 1669ರಲ್ಲಿ ಫೇತ್ ಕಾಗ್‌ಹಿಲ್ ಎಂಬವಳನ್ನು ಮದುವೆಯಾದನು. ಮದುವೆಗೆ ಮುನ್ನ ಅವಳ ಕೈಗಡಿಯಾರ ಉಪ್ಪುನೀರಿಗೆ ಬಿದ್ದು ಕೆಟ್ಟಾಗ ಅದನ್ನು ಸರಿಪಡಿಸಿ ಪತ್ರದೊಡನೆ ಕಳಿಸಿದ್ದನು. ಅವನ ಮೃದುತನ ಕಾಣುವ ಕೆಲವೇ ಬರಹಗಳಲ್ಲಿ ಆ ಪತ್ರ ಒಂದು. ಮೊದಲ ಮಗು ಎಳವೆಯಲ್ಲೇ ಹೋಯಿತು. ಕ್ಯಾಥೆಡ್ರಲ್ಲಿನ ಕೆಲಸ ಆರಂಭವಾದ 1675ರಲ್ಲಿಯೇ ಫೇತ್ ಸಿಡುಬಿಗೆ ಬಲಿಯಾದಳು. ಎರಡನೆಯ ಹೆಂಡತಿ ಜೇನ್ ಫಿಟ್ಸ್‌ವಿಲಿಯಂ 1680ರಲ್ಲಿ ತೀರಿಕೊಂಡಳು. ಅವಳ ಇಬ್ಬರು ಮಕ್ಕಳಲ್ಲಿ ಮಗ ವಿಲಿಯಂ ಬುದ್ಧಿ ಬೆಳೆಯದವನು, ಬಾಳೆಲ್ಲ ತಂದೆಯ ಆಶ್ರಯದಲ್ಲಿಯೇ ಇದ್ದನು. ತಂದೆಗೆ ಅಚ್ಚುಮೆಚ್ಚಾಗಿದ್ದ ಮಗಳು ಜೇನ್ 1702ರಲ್ಲಿ ಸತ್ತಳು. ಕಟ್ಟಡ ಮುಗಿಯುವ ಮೊದಲೇ ಅದರ ನೆಲಮಾಳಿಗೆಯಲ್ಲಿ ಮಗಳನ್ನು ಹೂಳಬೇಕಾಯಿತು. ಅಷ್ಟು ಸಾವುಗಳ ನಡುವೆ ಅವನು ಮರುಮದುವೆಯಾಗಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. ಗ್ರೀನಿಚ್ಚಿನ ವೀಕ್ಷಣಾಲಯ, ಚೆಲ್ಸಿಯಲ್ಲಿ ಮುದಿ ಸೈನಿಕರ ಆಸ್ಪತ್ರೆ, ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯ, ಹ್ಯಾಂಪ್ಟನ್ ಕೋರ್ಟ್ ಅರಮನೆಯ ಹೊಸ ಭಾಗ ಎಲ್ಲವೂ ಈ ವರ್ಷಗಳವೇ. ಗ್ರಂಥಾಲಯದ ಕೆಲಸಕ್ಕೆ ಅವನು ಹಣ ಪಡೆಯಲಿಲ್ಲ.

ಸೇಂಟ್ ಪಾಲ್ಸ್‌ಗೆ ಅವನ ಸಂಬಳ ವರ್ಷಕ್ಕೆ 200 ಪೌಂಡ್. 1697ರಲ್ಲಿ, ಅಲ್ಲಿ ಮೊದಲ ಪ್ರಾರ್ಥನೆ ನಡೆದ ವರ್ಷವೇ, ಕೆಲಸ ತಡವಾಯಿತೆಂದು ಪಾರ್ಲಿಮೆಂಟ್ ಅದರಲ್ಲಿ ಅರ್ಧವನ್ನು ತಡೆಹಿಡಿಯಿತು. 1708ರಲ್ಲಿ ತುದಿಯ ಕಲ್ಲನ್ನು ಇಟ್ಟವನು ಅವನ ಮಗ ಕ್ರಿಸ್ಟೋಫರ್. ಮುದುಕ ತಂದೆ ಕೆಳಗಿದ್ದನು, ವಯಸ್ಸು 76. ಬಾಕಿ ಸಂಬಳ ಬಂದದ್ದು 1711ರಲ್ಲಿ, ಕಟ್ಟಡ ಪೂರ್ಣವಾಯಿತೆಂದು ಪಾರ್ಲಿಮೆಂಟೇ ಸಾರಿದ ಮೇಲೆ. 1718ರಲ್ಲಿ ಅವನನ್ನು ಸರ್ವೇಯರ್ ಹುದ್ದೆಯಿಂದ ತೆಗೆದುಹಾಕಿ ವಿಲಿಯಂ ಬೆನ್ಸನ್ ಎಂಬವನನ್ನು ಕೂರಿಸಿದರು. ರಾಜಕೀಯದ ಬಲದಿಂದ ಬಂದ ಆ ಬೆನ್ಸನ್ ಮರುವರ್ಷವೇ ಅಯೋಗ್ಯನೆನಿಸಿ ಹೊರಬಿದ್ದನು. ರೆನ್ ದೂರಲಿಲ್ಲ. 1723ರ ಫೆಬ್ರುವರಿ 25ರಂದು ಊಟದ ನಂತರ ಕುರ್ಚಿಯಲ್ಲಿ ಒರಗಿದವನು ಮತ್ತೆ ಏಳಲಿಲ್ಲ. ವಯಸ್ಸು 90.

ಅವನ ಸಮಾಧಿಯ ಮೇಲಿರುವುದು ಅಲಂಕಾರವಿಲ್ಲದ ಕರಿಕಲ್ಲು. ಪಕ್ಕದ ಗೋಡೆಗೆ ಮಗ ಹಾಕಿಸಿದ ಲ್ಯಾಟಿನ್ ಫಲಕವು, ಇವನ ಸ್ಮಾರಕವನ್ನು ಹುಡುಕುವವರು ಸುತ್ತ ಕಣ್ಣು ಹಾಯಿಸಿದರೆ ಸಾಕೆಂಬ ಆಶಯದ್ದು. ಜಗತ್ತಿನ ಸ್ಮಾರಕ ಫಲಕಗಳಲ್ಲೆಲ್ಲ ಇದಕ್ಕಿಂತ ಪ್ರಸಿದ್ಧವಾದುದು ಇರಲಾರದು. ಆದರೆ ನೆಲಮಾಳಿಗೆಯಲ್ಲಿ ನಿಂತು ಸುತ್ತ ನೋಡಿದವನಿಗೆ ಕಾಣುವುದು ದಪ್ಪ ಕಂಬಗಳಷ್ಟೇ! ಈ ತೊಡಕನ್ನು ನಿವಾರಿಸುವಂತೆ ಅದೇ ಬರಹವನ್ನು ಗುಮ್ಮಟದ ನೇರ ಕೆಳಗಿನ ನೆಲದಲ್ಲಿಯೂ ವೃತ್ತಾಕಾರವಾಗಿ ಕೂರಿಸಿದ್ದಾರೆ.

ಮೂರನೆಯದೊಂದು ಫಲಕ ಥೇಮ್ಸ್ ನದಿಯ ಆಚೆ ದಡದಲ್ಲಿದೆ. ಬ್ಯಾಂಕ್‌ಸೈಡಿನ 49ನೆಯ ಸಂಖ್ಯೆಯ ಹಳೆಯ ಮನೆಯ ಗೋಡೆಯಲ್ಲಿರುವ ಅದು, ಸೇಂಟ್ ಪಾಲ್ಸ್ ಕಟ್ಟುತ್ತಿದ್ದ ಕಾಲದಲ್ಲಿ ರೆನ್ ಇಲ್ಲಿ ವಾಸಿಸಿದನೆಂದು ಸಾರುತ್ತದೆ. ಅಲ್ಲಿಂದ ನೋಡಿದರೆ ನದಿಯ ಆಚೆಗೆ ಗುಮ್ಮಟ ಎದ್ದು ಕಾಣುತ್ತದೆ. ಮುದುಕನು ದಿನವೂ ಕಿಟಕಿಯಿಂದ ಕೆಲಸ ನೋಡುತ್ತಿದ್ದನೆಂದು ನಂಬಲು ಯಾರಿಗೆ ತಾನೆ ಆಸೆಯಾಗದು? ಪ್ರವಾಸಿಗರು ನಿಂತು ಫೋಟೋ ತೆಗೆಯುತ್ತಾರೆ. ಆದರೆ ಆ ಮನೆ ಕಟ್ಟಿದ್ದೇ 1710ರಲ್ಲಿ. ಅಷ್ಟರಲ್ಲಿ ಗುಮ್ಮಟ ನಿಂತಾಗಿತ್ತು. ಸರ್ವೇಯರನಾಗಿ ರೆನ್ ಇದ್ದುದು ಸ್ಕಾಟ್ಲೆಂಡ್ ಯಾರ್ಡಿನ ಸರಕಾರಿ ನಿವಾಸದಲ್ಲಿ. ಫಲಕ ಎಲ್ಲಿಂದಲೋ ಬಂದು ಇಪ್ಪತ್ತನೆಯ ಶತಮಾನದಲ್ಲಿ ಈ ಗೋಡೆ ಸೇರಿತೆಂದು ಇತಿಹಾಸಕಾರರು ಹೇಳುತ್ತಾರೆ. ಸುಳ್ಳಾದರೂ ಅದರಿಂದ ಒಂದು ಉಪಕಾರ ಆಗಿರಬಹುದು. ದಡದ ಹಳೆಯ ಮನೆಗಳು ಸಾಲಾಗಿ ನೆಲಸಮವಾದಾಗ ಇದೊಂದು ಉಳಿದುಕೊಂಡಿತು. ಈಸ್ಟ್ ನಾಯ್ಲ್‌ನ ಫಲಕದ ಸಂಕೋಚವನ್ನು ಮೊದಲಿಗೆ ಮೆಚ್ಚಿದ್ದು ಇದನ್ನು ನೆನೆದೇ.

ಎರಡನೆಯ ಮಹಾಯುದ್ಧದಲ್ಲಿ 1940ರ ಡಿಸೆಂಬರ್ 29ರ ರಾತ್ರಿ ಲಂಡನ್ ಮತ್ತೊಮ್ಮೆ ಉರಿಯಿತು. ಸೇಂಟ್ ಪಾಲ್ಸ್‌ನ ಸೀಸದ ಹೊದಿಕೆಯಲ್ಲಿ ಸಿಕ್ಕಿಕೊಂಡ ಬೆಂಕಿಬಾಂಬ್ ಕೆಳಗಿನ ಮೊಗಸಾಲೆಗೆ ಉರುಳಿದ್ದರಿಂದ, ಕಾವಲಿದ್ದ ಸ್ವಯಂಸೇವಕರು ಅದನ್ನು ಆರಿಸಲು ಸಾಧ್ಯವಾಯಿತು. ರೆನ್‌ನ ಬೇರೆ ಹಲವು ಚರ್ಚುಗಳಿಗೆ ಆ ಅದೃಷ್ಟವಿರಲಿಲ್ಲ. ಆ ರಾತ್ರಿ ಸುಟ್ಟವುಗಳಲ್ಲಿ ಸೇಂಟ್ ಮೇರಿ ಆಲ್ಡರ್ಮನ್‌ಬರಿ ಒಂದು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೋಳುಗೋಡೆಯಾಗಿ ನಿಂತಿದ್ದ ಅದನ್ನು 1960ರ ದಶಕದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ, ಸುಮಾರು 7,000 ಕಲ್ಲುಗಳಿಗೂ ಸಂಖ್ಯೆ ಬರೆದು, ಅಟ್ಲಾಂಟಿಕ್ ದಾಟಿಸಿ ಅಮೆರಿಕದ ಮಿಸೌರಿ ರಾಜ್ಯದ ಫುಲ್ಟನ್ ಎಂಬ ಊರಿಗೆ ಸಾಗಿಸಿದರು. 1946ರಲ್ಲಿ ಚರ್ಚಿಲ್ ತನ್ನ ಪ್ರಸಿದ್ಧ ಭಾಷಣ ಮಾಡಿದ್ದ ವೆಸ್ಟ್‌ಮಿನ್ಸ್ಟರ್ ಕಾಲೇಜಿನ ಆವರಣದಲ್ಲಿ, ಅವನ ನೆನಪಿಗಾಗಿ, ರೆನ್‌ನ ಕಾಲದ ರೂಪಕ್ಕೆ ತಕ್ಕಂತೆ ಅದನ್ನು ಮತ್ತೆ ಕಟ್ಟಿದ್ದಾರೆ. ಅಮೆರಿಕದ ನಡುನಾಡಿನಲ್ಲಿರುವ ಕನ್ನಡಿಗರು ರೆನ್‌ನ ಕೆಲಸವನ್ನು ನೋಡಲು ಲಂಡನ್ನಿಗೇ ಹೋಗಬೇಕಾಗಿಲ್ಲ. ಸೇಂಟ್ ಲೂಯಿಸ್ ನಗರದಿಂದ ಸುಮಾರು ಎರಡು ಗಂಟೆ ಕಾರಿನಲ್ಲಿ ಹೋದರೆ ಸಾಕು.